ಗುಂಡನಿಗೊಂದು ಪತ್ರ, ವಾದಿ ರಮ್‌ನಿಂದ ಬಂದ ಮೇಲೆ

ಲೋ ಗುಂಡ,

ಬಂದು ನಾಲ್ಕು ದಿನ ಆಯಿತು, ಶೂ ಒದರಿದರೆ ಇನ್ನೂ ಕೆಂಪು ಮರಳು ಬೀಳುತ್ತಿದೆ. ಫೋಟೋ ಎಲ್ಲರೂ ನೋಡಿದ್ದೀರಿ. ಹೌದು, ಒಂಟೆ ಮೇಲೆ ಕಣ್ಣು ಮುಚ್ಚಿ ಕೂತವನು ನಾನೇ. ನಮ್ಮ ಗುಂಪಿನ ಆ ಹಳೇ ಸೌತೆಕಾಯಿ ತಮಾಷೆ ಇಲ್ಲಿ ಯಾರೂ ಎತ್ತಬೇಡಿ.

ವಾದಿ ರಮ್ ಅನ್ನೋ ಮರಳುಗಾಡು ಕಣಿವೆ ಇರುವುದು ಜೋರ್ಡಾನ್‌ನ ದಕ್ಷಿಣ ತುದಿಯಲ್ಲಿ, ಅಕಾಬಾ ಅನ್ನೋ ಬಂದರು ಊರಿಂದ ಸುಮಾರು ಒಂದು ಗಂಟೆ ದಾರಿ. ಒಂಟೆ ಬರೀ ಫೋಟೋಗೆ. ಓಡಾಟವೆಲ್ಲ ಹಿಂದೆ ಬೆಂಚು ಹಾಕಿದ ಪಿಕಪ್‌ನಲ್ಲಿ. ಖಜಾಲಿ ಅನ್ನೋ ಇಕ್ಕಟ್ಟಾದ ಬಂಡೆ ಸೀಳಿನೊಳಗೆ ಯಾರೋ ಯಾವ ಕಾಲದಲ್ಲೋ ಮನುಷ್ಯರನ್ನೂ ಪಾದಗಳನ್ನೂ ಗೀಚಿದ್ದಾರೆ. ಇಡೀ ಕಣಿವೆಯಲ್ಲಿ ಇಂಥ ಚಿತ್ರಗಳೇ 25,000 ಇವೆಯಂತೆ. ವಾದಿ ರಮ್ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರಿದೆ. ಬೆಟ್ಟದ ಮೇಲೆ ನೀನು ಕೆತ್ತಿದ ಆ ಹೆಸರಿಗೂ ಕಾಲ ಬರುತ್ತೆ ಬಿಡು.

ರಾತ್ರಿ ಮೇಕೆ ಕೂದಲಿನ ಕಪ್ಪು ಟೆಂಟಲ್ಲಿ ಕೂರಿಸಿ ಕಾಫಿ ಕೊಟ್ಟರು. ಹಿಡಿ ಇಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಎರಡೇ ಗುಟುಕು, ಸಕ್ಕರೆ ಇಲ್ಲ, ಏಲಕ್ಕಿ ಘಮ. ಮುಗಿಸಿದೆ, ಕಾಫಿ ಕೊಡುವವನು ಹಾಕಿದ. ಮುಗಿಸಿದೆ, ಮತ್ತೆ ಹಾಕಿದ. ಉಳಿಸಬಾರದು ಅಂತ ನಾನು, ಬಟ್ಟಲು ಖಾಲಿ ಬಿಡಬಾರದು ಅಂತ ಅವನು. ಐದನೆಯದಕ್ಕೆ ನಮ್ಮ ಡ್ರೈವರ್ ನಗುತ್ತಾ ನನ್ನ ಮಣಿಕಟ್ಟು ಹಿಡಿದು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದ. ಸಾಕು ಅನ್ನೋಕೆ ಅದೇ ದಾರಿಯಂತೆ.

ಆಮೇಲೆ ಡ್ರೈವರೇ ಹೇಳಿದ. ಬೆದುಯಿನ್ನರು, ಅಂದರೆ ಅಲ್ಲಿನ ಮರಳುಗಾಡಿನ ಅಲೆಮಾರಿ ಜನ, ಅವರ ಹಳೇ ಪದ್ಧತಿಯಲ್ಲಿ ಟೆಂಟಿಗೆ ಬಂದವನನ್ನು ಮೂರು ದಿನ ಯಾರು, ಯಾಕೆ ಬಂದೆ ಅಂತ ಕೇಳೋ ಹಾಗಿಲ್ಲ. ಮರಳುಗಾಡಲ್ಲಿ ಬಾಗಿಲು ಹಾಕಿದರೆ ಬಂದವನು ಸತ್ತಂತೆ, ನಾಳೆ ಆ ಜಾಗದಲ್ಲಿ ನೀನೇ ಇರಬಹುದು. ಕ್ಯಾಂಪಿಗೆ ನಾನು ದುಡ್ಡು ಕೊಟ್ಟಿದ್ದೆ, ಇದೆಲ್ಲ ಪುಕ್ಕಟೆ ಅಲ್ಲ ಅಂತ ಗೊತ್ತು. ಆದರೂ ನಿದ್ದೆ ಬರಲಿಲ್ಲ.

ಹೋದ ವರ್ಷ ನೀನು ಮೆಜೆಸ್ಟಿಕ್‌ನಲ್ಲಿ ಇಳಿದು ಫೋನ್ ಮಾಡಿದ್ದೆ. ಮೈಸೂರಲ್ಲಿದ್ದೀನಿ ಕಣೋ ಅಂದೆ ನಾನು. ಇರಲಿಲ್ಲ. ಮನೆಯಲ್ಲೇ ಇದ್ದೆ, ಸೋಫಾ ಮೇಲೆ. ನೀನು ಕೆಲಸ ಬಿಟ್ಟ ಸುದ್ದಿ ಆಗಲೇ ಬಂದಿತ್ತು, ಬಂದರೆ ಎಷ್ಟು ದಿನ ಇರ್ತಾನೋ, ದುಡ್ಡು ಕೇಳಿಬಿಟ್ಟರೆ ಏನನ್ನೋದು ಅಂತ ಫೋನ್ ರಿಂಗಾಗುತ್ತಿದ್ದಷ್ಟು ಹೊತ್ತಲ್ಲೇ ಲೆಕ್ಕ ಹಾಕಿ ಮುಗಿಸಿದ್ದೆ. ಮಾತಾಡುವಾಗ ಕುಕ್ಕರ್ ಕೂಗಿತು. ಕೈಯಲ್ಲಿ ಫೋನ್ ಮುಚ್ಚಿದೆ. ಸರಿ ಬಿಡು, ಲಾಡ್ಜ್ ನೋಡ್ಕೋತೀನಿ ಅಂದೆ ನೀನು. ನಿನಗೆ ಕೇಳಿಸಿತ್ತು, ಅಲ್ವಾ?

ಇದು ಬರೀ ಮರಳು, ನಕ್ಷತ್ರದ ಪತ್ರ ಆಗಬೇಕಿತ್ತು. ಇಷ್ಟು ಜನರ ಮುಂದೆ ಯಾಕೆ ಬರೆದೆ ಅಂದರೆ, ಫೋನ್ ಮಾಡೋಕೆ ಧೈರ್ಯ ಇಲ್ಲ, ಅಷ್ಟೇ.

ಅಲ್ಲಿಂದ ಕಾಲು ಕೆಜಿ ಕಾಫಿ ಪುಡಿ ತಂದಿದ್ದೇನೆ. ನಿನ್ನೆ ಮಾಡಿದೆ. ಹೆಂಡತಿ ಮೂಸಿ ನೋಡಿ, ಕೆಮ್ಮಿಗೆ ಆಗುತ್ತೆ, ಎತ್ತಿಡಿ ಅಂದಳು. ಬಾರೋ, ನೀನೇ ಬಂದು ಮಾಡು. ಸೌತೆಕಾಯಿ ಮಾತ್ರ ತರಬೇಡ.