ಎಸೆಯದೆ ಗೊತ್ತಾಗಲ್ಲ, ಎಸೆದರೆ ವಾಪಸ್ ಇಲ್ಲ: ಹೊಸ ಫೇರ್‌ವೇ ಡ್ರೈವರ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಮೇಲೆ ಅಚ್ಚು ಹಾಕಿದ ಅಂಕಿಯಂತೆ ಹಾರದ ಡಿಸ್ಕ್ ಗಾಲ್ಫ್ ಡಿಸ್ಕ್‌ಗೆ ಬದಲಿ ಡಿಸ್ಕ್ ಅಥವಾ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಡಿಸ್ಕ್ ಗಾಲ್ಫ್‌ಗೆ, ಅಂದರೆ ತಟ್ಟೆಯಂಥ ಡಿಸ್ಕ್ ಎಸೆದು ದೂರದ ಬುಟ್ಟಿಗೆ ಬೀಳಿಸುವ ಆಟಕ್ಕೆ, ನಿಮ್ಮಿಂದ ತರಿಸಿಕೊಂಡ ಫೇರ್‌ವೇ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಬಗ್ಗೆ ಈಗಾಗಲೇ ಒಮ್ಮೆ ದೂರು ಕೊಟ್ಟಿದ್ದೇನೆ. ಬಂದ ಉತ್ತರದಲ್ಲಿ ಮುಖ್ಯವಾಗಿ ಎರಡು ಮಾತಿತ್ತು. ನಿಮ್ಮ ಕೈವೇಗ ಈ ಡಿಸ್ಕ್‌ಗೆ ಸಾಲುತ್ತಿಲ್ಲ, ಅಭ್ಯಾಸ ಮಾಡಿ ಎಂಬುದು ಒಂದು. ಒಮ್ಮೆ ಎಸೆದ ಡಿಸ್ಕನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಎರಡನ್ನೂ ಒಪ್ಪಲು ಆಗದೆ ಮತ್ತೆ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಮೊದಲ ದೂರು ಚಿಕ್ಕದಾಗಿತ್ತು, ಆದರೂ ಅದನ್ನು ಯಾರೂ ಪೂರ್ತಿ ಓದಿದ ಹಾಗೆ ಕಾಣಲಿಲ್ಲ.

ಡಿಸ್ಕ್ ಮೇಲೆ ನೀವು ಅಚ್ಚು ಹಾಕಿದ ಅಂಕಿಗಳು 7, 5, ಮೈನಸ್ 2, 1. ಸ್ಪೀಡ್ (ಎಸೆಯಲು ಬೇಕಾದ ವೇಗ) 7, ಗ್ಲೈಡ್ (ತೇಲುವ ಗುಣ) 5, ಟರ್ನ್ (ವೇಗದಲ್ಲಿದ್ದಾಗ ವಾಲುವುದು, ಮೈನಸ್ ಎಂದರೆ ಬಲಕ್ಕೆ) ಮೈನಸ್ 2, ಫೇಡ್ (ಕೊನೆಯಲ್ಲಿ ಎಡಕ್ಕೆ ಬೀಳುವುದು) 1. ಈ ನಾಲ್ಕು ಅಂಕಿ ನೋಡಿಯೇ ನಾನು ಇದನ್ನು ಆರಿಸಿದ್ದು. ಬಣ್ಣ ನೋಡಿ ಅಲ್ಲ, ಮೇಲಿನ ಚಿತ್ರ ನೋಡಿ ಅಲ್ಲ. ನಾನು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್ ಎಸೆಯುತ್ತೇನೆ. ಹಾಗೆ ಎಸೆದಾಗ ಈ ಅಂಕಿಯ ಡಿಸ್ಕ್ ಹೇಗೆ ಹೋಗಬೇಕು? ವೇಗ ಇರುವಷ್ಟು ಹೊತ್ತು ಮೆಲ್ಲಗೆ ಬಲಕ್ಕೆ ವಾಲಬೇಕು. ವೇಗ ಇಳಿದ ಮೇಲೆ ಕೊನೆಯಲ್ಲಿ ಚೂರು ಎಡಕ್ಕೆ ಬಂದು ಕೂರಬೇಕು. ಸ್ವಲ್ಪ ಹೈಝರ್ ಕೊಟ್ಟು, ಅಂದರೆ ಹೊರಗಿನ ಅಂಚನ್ನು ತಗ್ಗಿಸಿ ಬಿಟ್ಟರೆ ತಾನಾಗಿ ಮಟ್ಟಸವಾಗಿ, ಉದ್ದಕ್ಕೆ ನೇರ ಹೋಗಬೇಕು. ಎರಡೂ ಕಡೆ ಮರ ಇರುವ ಕಿರಿದಾದ ಫೇರ್‌ವೇಗೆ, ಅಂದರೆ ಬುಟ್ಟಿಯತ್ತ ಹೋಗುವ ದಾರಿಗೆ, ಅಂಥ ಡಿಸ್ಕ್ ಬೇಕಿತ್ತು. ಇದ್ದ ಡ್ರೈವರುಗಳೆಲ್ಲ ಕೊನೆಯಲ್ಲಿ ಎಡಕ್ಕೆ ಜೋರಾಗಿ ಎಳೆಯುವಂಥವು. ಇನ್ನೊಂದು ಅಂಥದ್ದೇ ಬೇಕಿದ್ದರೆ ನಾನು ದುಡ್ಡು ಖರ್ಚು ಮಾಡುತ್ತಲೇ ಇರಲಿಲ್ಲ.

ಬಂದದ್ದು ಅಂಥದ್ದೇ.

ಗಾಳಿ ಇಲ್ಲದ ಬೆಳಗ್ಗೆ, ಬಯಲು ಮೈದಾನದಲ್ಲಿ ಎಸೆದು ನೋಡಿದೆ. ಮಟ್ಟಸವಾಗಿ ಬಿಟ್ಟರೆ ಬಲಕ್ಕೆ ಒಂದಿಷ್ಟೂ ವಾಲದೆ ನೇರ ಹೋಗುತ್ತದೆ. ದೂರದ ಅರ್ಧ ದಾಟುತ್ತಿದ್ದಂತೆಯೇ ಎಡಕ್ಕೆ ಮುರಿದು ಬೀಳುತ್ತದೆ. ಹೈಝರ್ ಕೊಟ್ಟು ಬಿಟ್ಟರೆ ಮಟ್ಟಸಕ್ಕೆ ಬರುವುದೇ ಇಲ್ಲ, ಬಿಟ್ಟ ಓರೆಯಲ್ಲೇ ಎಡಕ್ಕೆ ಹೊರಟು ಹೋಗುತ್ತದೆ. ಟರ್ನ್ ಸೊನ್ನೆ, ಫೇಡ್ 3 ಎಂದು ಬರೆದಿದ್ದರೆ ನಾನು ತಕರಾರು ಎತ್ತುತ್ತಿರಲಿಲ್ಲ. ಯಾಕೆಂದರೆ ಹಾರಾಟ ಹಾಗೇ ಇದೆ.

ಈಗ ಕೈವೇಗದ ಮಾತಿಗೆ ಬರುತ್ತೇನೆ. ನಿಧಾನವಾಗಿ ಎಸೆದರೆ ಯಾವ ಡಿಸ್ಕೂ ಬಲಕ್ಕೆ ವಾಲದೆ ಬೇಗ ಎಡಕ್ಕೆ ಬೀಳುತ್ತದೆ, ನಿಜ. ವೇಗ ತಗ್ಗಿದಂತೆ ಡಿಸ್ಕ್ ಇಳಿಯತೊಡಗುತ್ತದೆ, ಗಾಳಿ ಅದಕ್ಕೆ ಕೆಳಗಿನಿಂದ ಹೆಚ್ಚು ತಾಗುತ್ತದೆ. ಆಗ ಮೇಲೆತ್ತುವ ಬಲ ಮುಂದಿನ ಅಂಚಿನ ಕಡೆ ಸರಿಯುತ್ತದೆ. ಡಿಸ್ಕ್ ಗಿರಗಿರ ತಿರುಗುತ್ತಿರುವುದರಿಂದ ಮೂಗು ಮೇಲೇಳುವ ಬದಲು ಪಕ್ಕಕ್ಕೆ ಒರಗುತ್ತದೆ. ಫೇಡ್ ಹುಟ್ಟುವುದೇ ಹಾಗೆ. ಸ್ಪೀಡ್ 12 ಅಥವಾ 13ರ ಅಗಲ ರಿಮ್ (ಅಂಚು) ಡಿಸ್ಕ್ ಬಗ್ಗೆ ನಾನು ದೂರು ಕೊಟ್ಟಿದ್ದರೆ ನಿಮ್ಮ ಉತ್ತರ ಸರಿಯಿರುತ್ತಿತ್ತು. ಇದು ಸ್ಪೀಡ್ 7. ನನ್ನ ಮಿಡ್‌ರೇಂಜ್ ಡಿಸ್ಕ್, ಅಂದರೆ ಡ್ರೈವರಿಗಿಂತ ನಿಧಾನದ್ದು, ಸಲೀಸಾಗಿ 75 ಮೀಟರ್ ದಾಟುತ್ತದೆ. ಅಷ್ಟು ಎಸೆಯುವವರಿಗೆ ಸ್ಪೀಡ್ 7, ಅದೂ ಮೈನಸ್ 2 ಇರುವಂಥದ್ದು, ಒಂದಿಷ್ಟಾದರೂ ಬಲಕ್ಕೆ ವಾಲಲೇಬೇಕು ಅಲ್ವಾ?

ನನ್ನ ಮಾತು ಬೇಡ. ನನ್ನ ಜೊತೆ ಆಡುವ ಗೆಳೆಯರೊಬ್ಬರ ಹತ್ತಿರ ಇದೇ ಹೆಸರಿನ, ಇದೇ ಪ್ಲಾಸ್ಟಿಕ್‌ನ, ಹೆಚ್ಚು ಬಳಸದ ಡಿಸ್ಕ್ ಇದೆ. ಅವರು ನನಗಿಂತ ಬಹಳ ದೂರ ಎಸೆಯುತ್ತಾರೆ. ಡಿಸ್ಕುಗಳನ್ನು ಅದಲು ಬದಲು ಮಾಡಿಕೊಂಡು ಎಸೆದೆವು. ಅವರ ಡಿಸ್ಕ್ ನನ್ನ ಕೈಯಲ್ಲಿ ಅಂಕಿ ಹೇಳಿದಂತೆಯೇ ಹೋಯಿತು. ಬಲಕ್ಕೆ ವಾಲಿ, ತೇಲಿ, ಕೊನೆಯಲ್ಲಿ ಮೆತ್ತಗೆ ಇಳಿಯಿತು. ನನ್ನದು ಅವರ ಕೈಯಲ್ಲೂ ಎಡಕ್ಕೇ ಬಿತ್ತು. ಬಿದ್ದ ಜಾಗ ಮಾತ್ರ ಇನ್ನೂ ದೂರ. ಆಮೇಲೆ ಎದುರುಗಾಳಿಯಲ್ಲೂ ಎಸೆದೆವು. ಎದುರುಗಾಳಿಯಲ್ಲಿ ಯಾವ ಡಿಸ್ಕ್ ಆದರೂ ಹೆಚ್ಚು ಅಂಡರ್‌ಸ್ಟೇಬಲ್ ಆಗುತ್ತದೆ, ಅಂದರೆ ಬಲಕ್ಕೆ ಹೆಚ್ಚು ವಾಲುತ್ತದೆ. ಮೈನಸ್ 2 ಇದ್ದದ್ದು ಬಲಕ್ಕೆ ಮಗುಚಿಕೊಂಡು ಹೋಗಬೇಕು. ಅವರದು ಹಾಗೇ ಹೋಯಿತು. ನನ್ನದು ಆ ಗಾಳಿಯನ್ನೂ ಸೀಳಿಕೊಂಡು ನೇರ ಹೋಯಿತು. ಹೇಳಬೇಕೆಂದರೆ ಒಳ್ಳೆಯ ಎದುರುಗಾಳಿ ಡಿಸ್ಕ್ ಅದು! ನಾನು ಕೇಳಿದ್ದು ಮಾತ್ರ ಅದಲ್ಲ.

ಹೀಗೆ ಯಾಕಾಯಿತು ಎಂದು ನೋಡಲು ಎರಡನ್ನೂ ಗಾಜಿನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆವು. ಪಾರ್ಟಿಂಗ್ ಲೈನ್, ಅಂದರೆ ಅಚ್ಚಿನ ಎರಡು ಭಾಗ ಕೂಡಿದ ಗೆರೆ, ನನ್ನ ಡಿಸ್ಕ್‌ನಲ್ಲಿ ಮೇಲಿದೆ. ಒಂದು ಗಟ್ಟಿ ಕಾಗದ ನಿಲ್ಲಿಸಿ ಎರಡಕ್ಕೂ ಗುರುತು ಹಾಕಿದೆ. ವ್ಯತ್ಯಾಸ ಒಂದು ಮಿಲಿಮೀಟರ್‌ಗೆ ಹತ್ತಿರ. ಇಷ್ಟೇನಾ ಎಂದು ಹೊಸಬರಿಗೆ ಅನ್ನಿಸಬಹುದು. ಡಿಸ್ಕ್ ತಯಾರಿಸುವ ನಿಮಗೆ ಹಾಗನ್ನಿಸಬಾರದು. ಈ ಗೆರೆ ಮೇಲೇರಿದಷ್ಟೂ ಡಿಸ್ಕ್ ಓವರ್‌ಸ್ಟೇಬಲ್ (ಎಡಕ್ಕೆ ಎಳೆಯುವಂಥದ್ದು) ಆಗುತ್ತದೆ, ಇಳಿದಷ್ಟೂ ಅಂಡರ್‌ಸ್ಟೇಬಲ್. ಅವರ ಡಿಸ್ಕ್‌ನ ಬೆನ್ನು ಮೆಲ್ಲಗೆ ಉಬ್ಬಿದೆ. ನನ್ನದು ಚಪ್ಪಟೆ. ಗ್ಲೈಡ್ 5 ಎಲ್ಲಿ ಹೋಯಿತು ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಬಿಸಿ ಪ್ಲಾಸ್ಟಿಕ್ ಅಚ್ಚಿನಿಂದ ಹೊರಬಂದ ಮೇಲೂ ತಣ್ಣಗಾಗುತ್ತಾ ಕುಗ್ಗುತ್ತದೆ. ಕುಗ್ಗುವುದು ಸ್ವಲ್ಪ ಆಚೀಚೆ ಆದರೂ ಬೆನ್ನಿನ ಉಬ್ಬು, ಗೆರೆಯ ಎತ್ತರ ಬದಲಾಗುತ್ತದೆ. ಎಲ್ಲ ಡಿಸ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರಲಿ ಎಂದು ನಾನೂ ಕೇಳುವುದಿಲ್ಲ. ಆದರೆ ಹೀಗೆ ಬೇರೆಯೇ ಜಾತಿಯ ಡಿಸ್ಕ್ ಆಗಿ ಬಂದಾಗ ಪೆಟ್ಟಿಗೆಗೆ ಹಾಕುವ ಮುಂಚೆ ಯಾರಾದರೂ ನೋಡಬೇಕಲ್ಲ.

ತೂಕವೂ ತಪ್ಪಿದೆ. ಚೀಟಿಯಲ್ಲಿ 173ರಿಂದ 175 ಗ್ರಾಂ ಎಂದಿದೆ. ನನ್ನ ತಕ್ಕಡಿಯಲ್ಲಿ 169 ಬಂತು. ತಕ್ಕಡಿ ಸರಿಯಿಲ್ಲ ಎನ್ನುವ ಮೊದಲು ಹೇಳುತ್ತೇನೆ, ನನ್ನ ಬ್ಯಾಗ್‌ನ ಬೇರೆ ಡಿಸ್ಕುಗಳು ಅದರಲ್ಲೇ ತಮ್ಮ ತಮ್ಮ ಚೀಟಿಯ ತೂಕಕ್ಕೆ ಸರಿಯಾಗಿ ತೂಗಿದವು. ಇದರಲ್ಲೊಂದು ತಮಾಷೆಯಿದೆ. ಒಂದೇ ಅಚ್ಚಿನ ಡಿಸ್ಕುಗಳಲ್ಲಿ ಹಗುರವಾದದ್ದು ಸಾಮಾನ್ಯವಾಗಿ ಬಲಕ್ಕೆ ಹೆಚ್ಚು ವಾಲುತ್ತದೆ. ಹಗುರವಾಗಿದ್ದೂ ವಾಲುತ್ತಿಲ್ಲ ಎಂದರೆ ಆಕಾರ ಎಷ್ಟು ಕೆಟ್ಟಿರಬೇಕು, ನೀವೇ ಹೇಳಿ.

ರಿಮ್ ಒಳಗಿನ ಅಂಚಿನಲ್ಲಿ ಚೂಪಾದ ಪ್ಲಾಸ್ಟಿಕ್ ಎಳೆ ಉಳಿದಿತ್ತು, ಬೆರಳಿಗೆ ತರಚಿತು. ಅದಕ್ಕೆ ನನ್ನ ತಕರಾರಿಲ್ಲ. ಅಷ್ಟನ್ನು ಉಜ್ಜಿ ನಯ ಮಾಡಿಕೊಳ್ಳಲು ಪಿಡಿಜಿಎ (ಡಿಸ್ಕ್ ಗಾಲ್ಫ್ ವೃತ್ತಿಪರ ಆಟಗಾರರ ಸಂಘ) ನಿಯಮವೂ ಬಿಡುತ್ತದೆ. ಆದರೆ ಪಾರ್ಟಿಂಗ್ ಲೈನನ್ನು ಉಜ್ಜಿ ಇಳಿಸಿ ಹಾರಾಟ ಸರಿಮಾಡಿಕೊಳ್ಳಲು ಬಿಡುವುದಿಲ್ಲ. ಹಾಗೆ ಮಾಡಿದರೆ ಆ ಡಿಸ್ಕ್ ಸ್ಪರ್ಧೆಗೆ ಬಾರದು. ಅಂದರೆ ಇದನ್ನು ಮನೆಯಲ್ಲಿ ರಿಪೇರಿ ಮಾಡುವ ದಾರಿಯೂ ನನಗಿಲ್ಲ.

ನಿಮ್ಮ ಉತ್ತರದ ಕೊನೆಗೆ ಇನ್ನೊಂದು ಸಮಾಧಾನ ಇತ್ತು. ಬಳಸುತ್ತಾ ಹೋದಂತೆ ಡಿಸ್ಕ್ ಪಳಗಿ ಟರ್ನ್ ಬರುತ್ತದೆ ಎಂದು. ಮರಕ್ಕೆ, ನೆಲಕ್ಕೆ ಬಡಿದು ಸವೆದರೆ ಯಾವ ಡಿಸ್ಕೂ ಮೆಲ್ಲಗೆ ಅಂಡರ್‌ಸ್ಟೇಬಲ್ ಕಡೆ ಹೋಗುತ್ತದೆ, ಸರಿ. ಆದರೆ ಅಗ್ಗದ ಬೇಸ್ ಪ್ಲಾಸ್ಟಿಕ್ ಬೇಗ ಸವೆಯುತ್ತದೆ ಎಂದೇ ನಾನು ಜಾಸ್ತಿ ಕೊಟ್ಟು ಪ್ರೀಮಿಯಂ ಪ್ಲಾಸ್ಟಿಕ್ ತೆಗೆದುಕೊಂಡದ್ದು. ಬಹಳ ಕಾಲ ಒಂದೇ ರೀತಿ ಹಾರುತ್ತದೆ ಎಂದು ನೀವೇ ಅದನ್ನು ಮಾರುತ್ತೀರಿ. ಸವೆಯುವುದಿಲ್ಲ ಎಂದು ಮಾರಿ, ಸವೆದ ಮೇಲೆ ಸರಿಹೋಗುತ್ತದೆ ಎಂದರೆ ಹೇಗೆ? ಅಚ್ಚು ಹಾಕಿದ ಅಂಕಿ ಹೊಸ ಡಿಸ್ಕ್‌ನದ್ದೋ, ನಾಲ್ಕು ಮರಕ್ಕೆ ಹೊಡೆದ ಮೇಲಿನದ್ದೋ?

ಈ ಅಂಕಿಗಳಿಗೆ ಯಾರ ಪ್ರಮಾಣವೂ ಇಲ್ಲ, ಅವು ಬರೀ ಅಂದಾಜು ಎಂದು ನೀವು ಹೇಳಬಹುದು. ನಿಜ, ಪಿಡಿಜಿಎ ನೋಡುವುದು ಅಳತೆಗಳನ್ನು. ಡಿಸ್ಕ್‌ನ ವ್ಯಾಸ 21 ಸೆಂಟಿಮೀಟರ್‌ಗೆ ಕಡಿಮೆ ಇರಬಾರದು. ರಿಮ್‌ನ ಅಗಲ 2.6 ಸೆಂಟಿಮೀಟರ್ ಮೀರಬಾರದು. ವ್ಯಾಸದ ಪ್ರತಿ ಸೆಂಟಿಮೀಟರ್‌ಗೆ ತೂಕ 8.3 ಗ್ರಾಂ ದಾಟಬಾರದು. ನನ್ನ ಡಿಸ್ಕ್ ಇದನ್ನೆಲ್ಲ ದಾಟಿ ಬಂದಿರಬಹುದು, ಸ್ಪರ್ಧೆಯಲ್ಲಿ ಎಸೆಯಲೂಬಹುದು. ಆದರೆ ಅದು ಎಡಕ್ಕೆ ಹೋಗುತ್ತದೋ ಬಲಕ್ಕೆ ಹೋಗುತ್ತದೋ ಎಂದು ಹೇಳುವವರು ನೀವೊಬ್ಬರೇ. ಬೇರೆ ಯಾರೂ ಪರೀಕ್ಷಿಸುವುದಿಲ್ಲ. ಹಾಗಾಗಿ ಆ ನಾಲ್ಕು ಅಂಕಿ ನೀವು ಕೊಟ್ಟ ಮಾತು. ಅಂದಾಜು ಎಂದಾದರೆ ಅಷ್ಟು ದಪ್ಪ ಅಕ್ಷರದಲ್ಲಿ ಹಾಕಬೇಡಿ.

ಇನ್ನು ವಾಪಸ್ ನಿಯಮ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಡಿಸ್ಕ್ ಹೇಗೆ ಹಾರುತ್ತದೆ ಎಂದು ಎಸೆಯದೆ ತಿಳಿಯುವ ದಾರಿಯೇ ಇಲ್ಲ. ಎಸೆದರೆ ವಾಪಸ್ ಇಲ್ಲ ಎನ್ನುತ್ತೀರಿ. ಚಪ್ಪಲಿ ಕಚ್ಚುತ್ತದೆ ಎಂದರೆ, ಮೆಟ್ಟಿದ್ದೀರಲ್ಲ, ಇನ್ನು ನಿಮ್ಮದೇ ಎಂದ ಹಾಗಾಯಿತು. ಮೇಲಾಗಿ, ಒಳಭಾಗದಲ್ಲಿ ಹೆಸರು ಬರೆದಿದ್ದೀರಿ, ಅದು ಬಳಸಿದ ಗುರುತು ಎಂದೂ ಆಕ್ಷೇಪ ಎತ್ತಿದ್ದೀರಿ. ಸ್ಪರ್ಧೆಯಲ್ಲಿ ಪ್ರತಿ ಡಿಸ್ಕ್ ಮೇಲೂ ಆಟಗಾರರ ಗುರುತು ಇರಲೇಬೇಕು ಎಂಬುದು ಈ ಆಟದ ನಿಯಮ. ಹುಲ್ಲಿನಲ್ಲಿ ಕಳೆದುಹೋದರೆ ಸಿಕ್ಕವರು ಮರಳಿಸುವುದೂ ಹೆಸರು ನೋಡಿಯೇ. ಹೊಸ ಡಿಸ್ಕ್ ಕೈಗೆ ಬಂದ ಕೂಡಲೇ ಆಡುವವರು ಮಾಡುವ ಮೊದಲ ಕೆಲಸವನ್ನೇ ನೀವು ತಪ್ಪು ಎನ್ನುತ್ತಿದ್ದೀರಿ. ಈ ನಿಯಮ ಬರೆದವರು ಒಮ್ಮೆಯಾದರೂ ಮೈದಾನಕ್ಕೆ ಬಂದಿದ್ದಾರಾ ಎಂದು ಕೇಳಬೇಕು ಅನ್ನಿಸುತ್ತದೆ.

ಎಸೆದು ಗೀಚು ಬಿದ್ದು, ಮರಕ್ಕೆ ಹೊಡೆದು ಜಜ್ಜಿ, ಆಮೇಲೆ ಇಷ್ಟವಾಗಲಿಲ್ಲ ಎಂದು ವಾಪಸ್ ಕಳಿಸುವವರೂ ಇರುತ್ತಾರೆ, ಒಪ್ಪುತ್ತೇನೆ. ಅವರಿಗಾಗಿ ನಿಯಮ ಇರಲಿ. ನನ್ನ ಡಿಸ್ಕ್ ಹುಲ್ಲಿನ ಮೇಲೆ ಮಾತ್ರ ಬಿದ್ದದ್ದು, ರಿಮ್ ಮೇಲೆ ಒಂದು ಗೀರೂ ಇಲ್ಲ. ನನ್ನ ದೂರು ಇಷ್ಟ ಕಷ್ಟದ್ದಲ್ಲ. ಗೆರೆಯ ಎತ್ತರ ಮತ್ತು ತೂಕ ಎರಡನ್ನೂ ನೀವು ನಿಮ್ಮ ಮೇಜಿನ ಮೇಲೆ ಅಳೆದು ನೋಡಬಹುದು. ಅದಕ್ಕೆ ಯಾರೂ ಎಸೆಯಬೇಕಾಗಿಲ್ಲ.

ನನಗೆ ಬೇಕಾದದ್ದು ಇಷ್ಟು. ಇದೇ ಹೆಸರಿನ, ಇದೇ ಪ್ಲಾಸ್ಟಿಕ್‌ನ ಇನ್ನೊಂದು ಡಿಸ್ಕ್ ಕಳಿಸಿ. ಕಳಿಸುವ ಮೊದಲು ತೂಗಿ, ಪಾರ್ಟಿಂಗ್ ಲೈನ್ ನೋಡಿ, ಪಕ್ಕದಿಂದ ಒಂದು ಫೋಟೋ ತೆಗೆದು ನನಗೆ ತೋರಿಸಿ. ಈಗ ನಿಮ್ಮಲ್ಲಿರುವ ಸರಕೆಲ್ಲ ನನ್ನದರ ಹಾಗೇ ಬಂದಿದ್ದರೆ ಬದಲಿ ಬೇಡ, ಪೂರ್ತಿ ಹಣ ವಾಪಸ್ ಕೊಡಿ. ಹೋಗಿ ಬರುವ ಅಂಚೆ ಖರ್ಚು ನಿಮ್ಮದೇ. ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ದಯವಿಟ್ಟು ಕಳಿಸಬೇಡಿ. ಮೊದಲ ಸಲ ಅದನ್ನೇ ಕಳಿಸಿದ್ದಿರಿ. ಒಂದು ಡಿಸ್ಕ್ ಸರಿಯಿಲ್ಲ ಎಂದವರಿಗೆ ಇನ್ನೊಂದನ್ನು ಕೊಳ್ಳಿ ಎನ್ನುವುದು ಪರಿಹಾರ ಅಲ್ಲ.

ಜೊತೆಗೆ ಒಂದು ಸಲಹೆ. ಮಾರಾಟದ ಪುಟದಲ್ಲಿ ಪ್ರತಿ ಡಿಸ್ಕ್‌ನ ನಿಜವಾದ ತೂಕ ಹಾಕಿ, ಬೆನ್ನು ಉಬ್ಬಿದೆಯೋ ಚಪ್ಪಟೆಯೋ ಎಂದು ಒಂದು ಪದ ಬರೆಯಿರಿ. ಚಪ್ಪಟೆ ಡಿಸ್ಕನ್ನೇ ಹುಡುಕಿ ಕೊಳ್ಳುವವರು ಇದ್ದಾರೆ. ನನಗೆ ಬಂದ ಈ ಡಿಸ್ಕ್ ಅಂಥವರ ಕೈಗೆ ಹೋಗಿದ್ದರೆ ಅವರು ಖುಷಿಪಡುತ್ತಿದ್ದರು, ನಿಮಗೆ ಈ ಪತ್ರವೂ ಬರುತ್ತಿರಲಿಲ್ಲ.

ಹದಿನೈದು ದಿನದೊಳಗೆ ಉತ್ತರ ಕೊಡಿ. ಉತ್ತರ ಬರೆಯುವವರು ಈ ಆಟ ಆಡುವವರಾಗಿದ್ದರೆ ಒಳ್ಳೆಯದು. ಉತ್ತರವೇ ಬಾರದಿದ್ದರೆ ಈ ಪತ್ರ, ನಿಮ್ಮ ಹಿಂದಿನ ಉತ್ತರ ಮತ್ತು ಫೋಟೋಗಳನ್ನು ಗ್ರಾಹಕರ ದೂರು ಕೇಳುವ ವೇದಿಕೆಗೆ ಕಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ತಕ್ಕಡಿಯ ಮೇಲೆ ಡಿಸ್ಕ್ ಇಟ್ಟ ಫೋಟೋ, ಎರಡು ಡಿಸ್ಕುಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಫೋಟೋ. ಫೋಟೋದಲ್ಲಿ ಎಡಗಡೆ ಇರುವುದು ನನ್ನದು, ಬಲಗಡೆಯದು ಗೆಳೆಯರದು. ಅವರ ಡಿಸ್ಕನ್ನು ಪರೀಕ್ಷೆಗೆ ಕಳಿಸಲು ಆಗುವುದಿಲ್ಲ, ಅವರು ಕೊಡಲು ಒಪ್ಪುತ್ತಿಲ್ಲ.