ನಿನ್ನ ‘ಅಗಸಿ’ಗಾಗಿ ಒಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ವಾರ ತಡವಾಯಿತು. ಇಷ್ಟು ದಿನ ನನ್ನನ್ನು ಹಿಡಿದು ಕೂಡಿಸಿದ್ದು ಬಲ್ಗೇರಿಯನ್ ಬೈಬಲ್ಲಿನ ಕಥೆ.

ಒಂಬತ್ತನೆಯ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸೋದರರು ಗ್ರೀಕಿನಿಂದ ಸ್ಲಾವ್ ಜನರ ಮಾತಿಗೆ ತಂದ ಧರ್ಮಗ್ರಂಥವು ಅವರ ಶಿಷ್ಯರೊಡನೆ ಬಲ್ಗೇರಿಯವನ್ನು ಸೇರಿತು. ಅಲ್ಲಿನ ಇಗರ್ಜಿಗಳಲ್ಲಿ ಆ ಭಾಷೆಯೇ ನಿಂತುಬಿಟ್ಟಿತು. ಜನರ ಮಾತು ಮಾತ್ರ ನಿಲ್ಲಲಿಲ್ಲ. ನಾಮಪದಗಳ ವಿಭಕ್ತಿ ಪ್ರತ್ಯಯಗಳು ಬಹುಪಾಲು ಉದುರಿದವು. ‘ಚೊವೆಕ್’ ಎಂದರೆ ಮನುಷ್ಯ, ‘ಚೊವೆಕತ್’ ಎಂದರೆ ಆ ಮನುಷ್ಯ ಎಂಬಂತೆ ಪದದ ಕೊನೆಗೆ ಹೊಸದೊಂದು ಗುರುತು ಕೂಡಿಕೊಂಡಿತು. ದೇವರ ಮಾತು ಒಂದು, ಮನೆಯ ಮಾತು ಇನ್ನೊಂದು ಎಂಬ ಸ್ಥಿತಿ ಅದು.

1828ರಲ್ಲಿ ಬುಖಾರೆಸ್ಟಿನಲ್ಲಿ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳು ಹೊಸ ಬಲ್ಗೇರಿಯನ್ನಿನಲ್ಲಿ ಅಚ್ಚಾದವು. ಬಳಿಕ ಬಲ್ಗೇರಿಯದ ರಿಲಾ ಮಠದ ಸನ್ಯಾಸಿ ನಿಯೋಫಿತ್, ಬೈಬಲ್ಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನು ಇಡಿಯಾಗಿ ಅನುವಾದಿಸಿದ. ಅದು 1840ರಲ್ಲಿ ಸ್ಮಿರ್ನಾದಲ್ಲಿ (ಇಂದಿನ ಟರ್ಕಿಯ ಇಜ್ಮಿರ್) ಅಚ್ಚಾಯಿತು. 1835ರಲ್ಲೇ ಬಲ್ಗೇರಿಯನ್ ವ್ಯಾಕರಣ ಬರೆದಿದ್ದ ಆತ ಪಶ್ಚಿಮ ಬಲ್ಗೇರಿಯದ ಬಾನ್ಸ್ಕೊ ಊರಿನವನು. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಗೆ ಕೈಹಾಕಿದ್ದ ಬಲ್ಗೇರಿಯನ್ ಶಿಕ್ಷಕ ಫೋತಿನೊವ್ 1858ರಲ್ಲಿ ತೀರಿಕೊಂಡ. ಅಮೆರಿಕದ ಮಿಷನರಿಗಳಾದ ರಿಗ್ಸ್ ಮತ್ತು ಲಾಂಗ್ ಅವರೊಡನೆ ಕೂಡಿ ಕವಿ ಸ್ಲಾವೈಕೊವ್ ಮೊದಲಾದವರು ಕೆಲಸ ಮುಂದುವರಿಸಿ, 1871ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪೂರ್ಣ ಬೈಬಲನ್ನು ಹೊರತಂದರು. ಅವರು ಆರಿಸಿಕೊಂಡದ್ದು ಪೂರ್ವದ ಆಡುನುಡಿಯನ್ನು. ನಿಯೋಫಿತನ ಹೊಸ ಒಡಂಬಡಿಕೆಯೂ ಆ ನುಡಿಗೆ ತಕ್ಕಂತೆ ತಿದ್ದಿಸಿಕೊಂಡಿತು.

ಆಗ ನಿಯೋಫಿತ್ ಇನ್ನೂ ಬದುಕಿದ್ದ. ಅವನು ತೀರಿಕೊಂಡದ್ದು 1881ರಲ್ಲಿ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಲಾವೈಕೊವ್ ಮಾಡಿದ್ದು ದೊಡ್ಡ ಕೆಲಸವೆಂದೇ ನನ್ನ ನಂಬಿಕೆ, ಇಂದಿನ ಬಲ್ಗೇರಿಯನ್ ಬರಹ ಗಟ್ಟಿಗೊಳ್ಳಲು ಆ ಗ್ರಂಥ ನೆರವಾಯಿತು. ಆದರೂ ಮನಸ್ಸು ಮಠದ ಆ ಮುದುಕನ ಬಳಿಯೇ ಉಳಿಯಿತು.

ಏಕೆಂದರೆ ನಾವಿಬ್ಬರೂ ಕೂಡಿ ಮಾಡಿದ ಅನುವಾದದಲ್ಲಿ ನೀನು ‘ಅಗಸಿ’ ಎಂದು ಬರೆದ ಕಡೆಯೆಲ್ಲ ನಾನು ‘ಊರ ಹೆಬ್ಬಾಗಿಲು’ ಎಂದು ತಿದ್ದಿದೆ. ಓದುಗರಿಗೆ ತಿಳಿಯದು ಎಂದು ನಿನಗೆ ಹೇಳಿದ್ದೆ. ನಿಜವೆಂದರೆ, ನನ್ನ ಅವ್ವನೂ ಆಡುತ್ತಿದ್ದ ಆ ಮಾತನ್ನು ಅಚ್ಚಿನಲ್ಲಿ ಕಾಣಲು ನನಗೆ ನಾಚಿಕೆಯಾಗಿತ್ತು. ನೀನು ಒಂದು ಮಾತೂ ಆಡದೆ ಒಪ್ಪಿಕೊಂಡೆ. ಇದನ್ನು ಹೀಗೆ ಎಲ್ಲರೂ ಓದುವ ಪತ್ರದಲ್ಲಿ ಬರೆಯುವ ಉದ್ದೇಶ ನನಗಿರಲಿಲ್ಲ.

ಇರಲಿ, ಶನಿವಾರ ಬಾ. ಹಳೆಯ ಕರಡನ್ನು ಹೊರಗೆ ತೆಗೆದಿಟ್ಟಿದ್ದೇನೆ; ಮೆಣಸಿನಕಾಯಿ ಭಜಿಯ ಹೊಣೆ ನನ್ನದು, ಕೆಂಪು ಪೆನ್ನು ಈ ಸಲ ನಿನ್ನ ಕೈಯಲ್ಲಿರಲಿ.

ನಿನ್ನ,
ಮಾಳಿಗೆಯ ಗೆಳೆಯ