ದೇಹವನ್ನು ಗಮನಿಸುವ ಪಾಠ ಗಡಿನಾಡಿಗೆ ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ಮಾನಸಿಕ ಒತ್ತಡ ಮತ್ತು ಅದರ ನಿರ್ವಹಣೆಯ ಬಗ್ಗೆ ಪತ್ರಿಕೆಗಳಲ್ಲಿ ಈಚೆಗೆ ಬರುತ್ತಿರುವ ಬರಹಗಳನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಂತೆ ಕಾಣುತ್ತವೆ. ಕೇರಳಕ್ಕೆ ಸೇರಿದ ಕಾಸರಗೋಡು ಗಡಿನಾಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ, ಮುಳ್ಳೇರಿಯ ಕಡೆಯ ಜನರಿಗೂ ಒತ್ತಡವಿದೆ. ಆದರೆ ಅವರು ಅದನ್ನು ಮನಸ್ಸಿನ ತೊಂದರೆಯೆಂದು ಯಾರ ಮುಂದೆಯೂ ಇಡುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತವರು ಎದೆಯುರಿ, ತಲೆಭಾರ, ಹೆಗಲು ಸೆಳೆತ, ನಡುರಾತ್ರಿ ಎಚ್ಚರವಾದರೆ ಮತ್ತೆ ಬಾರದ ನಿದ್ದೆ ಎಂದೆಲ್ಲ ಹೇಳಿಕೊಂಡು, ಕೊನೆಗೆ ಎಲ್ಲವನ್ನೂ ‘ಗ್ಯಾಸ್ಟ್ರಿಕ್’ ಎಂಬ ಲೆಕ್ಕಕ್ಕೆ ಸೇರಿಸಿ ಒಂದು ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಇವರಿಗೆ ತಮ್ಮ ದೇಹವನ್ನು ಸಮಾಧಾನದಿಂದ ಗಮನಿಸುವ ಅಭ್ಯಾಸವನ್ನು ಅವರದೇ ಭಾಷೆಯಲ್ಲಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಅದರ ಮಿತಿಯನ್ನೂ ತಿಳಿಸಿ ಕಲಿಸಬೇಕೆಂದು ಒತ್ತಾಯಿಸುವುದಕ್ಕಾಗಿ ಈ ಪತ್ರ.

ಒತ್ತಡವೆಂಬುದು ಬರೀ ತಲೆಯೊಳಗಿನ ಯೋಚನೆಯಲ್ಲ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಪ್ರಾಣಿಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿದಾಗಲೇ, ಪೀಡೆ ಯಾವ ಬಗೆಯದೇ ಆಗಿರಲಿ, ದೇಹ ಅದಕ್ಕೆ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದ್ದ. ಅಪಾಯದ ಸುಳಿವು ಸಿಕ್ಕೊಡನೆ ಅಡ್ರಿನಲಿನ್ ಎಂಬ ಹಾರ್ಮೋನು ಹರಿದು ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಿನದಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಅದರ ಹಿಂದೆಯೇ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಹಾವು ಎದುರಾದಾಗ ಇದು ಜೀವ ಉಳಿಸುವ ಏರ್ಪಾಡು. ಸಾಲದ ಕಂತು, ಮಗಳ ಮದುವೆ, ಗಲ್ಫಿನಿಂದ ಬಾರದ ಫೋನು ಇವುಗಳಿಗೂ ದೇಹ ಇದೇ ಏರ್ಪಾಡನ್ನು ತಿಂಗಳುಗಟ್ಟಲೆ ನಡೆಸತೊಡಗಿದರೆ ಹಲ್ಲು ಕಚ್ಚಿಕೊಂಡಿರುವುದು, ಹೆಗಲು ಕಿವಿಯ ಕಡೆಗೆ ಏರಿಕೊಂಡಿರುವುದು ರೂಢಿಯಾಗಿಬಿಡುತ್ತದೆ. ಹಾಗೆ ರೂಢಿಯಾದದ್ದು ಅನುಭವಿಸುವವರ ಗಮನಕ್ಕೇ ಬರುವುದಿಲ್ಲ.

ನಮ್ಮ ಕಡೆ ಒತ್ತಡಕ್ಕೆ ಕಾರಣಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಷಾಢದ ಮಳೆ ಬಿಡದೆ ಹೊಡೆದರೆ ಬೋರ್ಡೋ ದ್ರಾವಣ ಸಿಂಪಡಿಸಲು ಎಡೆ ಸಿಗದೆ ಅಡಿಕೆಗೆ ಕೊಳೆರೋಗ ತಗಲುತ್ತದೆ. ಈಗ ಅದರ ಜೊತೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಓದಿಗೂ ಕೆಲಸಕ್ಕೂ ದೊಡ್ಡ ಕಾಯಿಲೆಗೂ ತಲಪಾಡಿಯ ಗಡಿ ದಾಟಿ ಮಂಗಳೂರಿಗೇ ಹೋಗಬೇಕಾದವರು ನಾವು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ಗಡಿ ದಾಟುವ ದಾರಿಗಳನ್ನು ಮುಚ್ಚಿದಾಗ ಡಯಾಲಿಸಿಸ್ ರೋಗಿಗಳ ಮನೆಗಳಲ್ಲಿ ಏನಾಗಿತ್ತು ಎಂಬುದನ್ನು ಯಾರೂ ಮರೆತಿಲ್ಲ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಫಲವನ್ನು ಇಂದಿಗೂ ಉಣ್ಣುತ್ತಿರುವ ಮನೆಗಳಿವೆ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆದರೆ ಮೂವತ್ತು ದಾಟಿದ ಮಗನನ್ನು ಈಗಲೂ ಎತ್ತಿ ಸ್ನಾನ ಮಾಡಿಸಬೇಕಾದ ತಾಯಿಯ ಬೆನ್ನು ಮತ್ತು ನಿದ್ದೆಯ ಲೆಕ್ಕ ಯಾವ ಆದೇಶದಲ್ಲೂ ಬರುವುದಿಲ್ಲ.

ಇಂಥ ಕಷ್ಟಗಳ ಮುಂದೆ ‘ಉಸಿರನ್ನು ಗಮನಿಸಿ’ ಎನ್ನುವುದು ಅಣಕವಾಗಿ ಕೇಳಿಸಬಹುದು ಎಂಬುದನ್ನು ಬಲ್ಲೆ. ಪರಿಹಾರ ಕೊಡಬೇಕಾದವರು ಧ್ಯಾನ ಕಲಿಸಿ ಕೈತೊಳೆದುಕೊಳ್ಳುವುದಾದರೆ ಆ ಧ್ಯಾನವೇ ಬೇಡ. ನಾನು ಹೇಳುತ್ತಿರುವುದು ಅದಕ್ಕಿಂತ ಸಣ್ಣ ಸಂಗತಿ: ಕಾರಣ ಹಾಗೆಯೇ ಉಳಿದಿರುವಾಗಲೂ ದೇಹಕ್ಕೆ ದಿನದಲ್ಲಿ ಒಂದಿಷ್ಟು ಹೊತ್ತು ಅಪಾಯಕ್ಕೆ ಕಾದು ಬಿಗಿದಿರುವ ಆ ಸ್ಥಿತಿಯಿಂದ ಬಿಡುವು ಕೊಡಲು ಸಾಧ್ಯವಿದೆ, ಮತ್ತು ಅದನ್ನು ಕಲಿಯಬಹುದು.

ಈಗ ಮೈಂಡ್‌ಫುಲ್‌ನೆಸ್, ಎಂದರೆ ಎಚ್ಚರದಿಂದ ಗಮನಿಸುವುದು, ಎಂಬ ಹೆಸರಿನಲ್ಲಿ ಆಸ್ಪತ್ರೆಗಳನ್ನು ಸೇರಿರುವ ಅಭ್ಯಾಸದ ಮೂಲ ಬೌದ್ಧರ ಸತಿಪಟ್ಠಾನ ಸಾಧನೆಯಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಅದನ್ನು ಧಾರ್ಮಿಕ ಚೌಕಟ್ಟಿನಿಂದ ಬೇರ್ಪಡಿಸಿ, ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಎಂಟು ವಾರಗಳ ತರಬೇತಿಯಾಗಿ ರೂಪಿಸಿದರು. ಆ ತರಬೇತಿಯ ಮೊದಲ ಪಾಠವೇ ದೇಹದ್ದು. ಮಲಗಿಕೊಂಡು, ಎಡಗಾಲಿನ ಬೆರಳುಗಳಿಂದ ಆರಂಭಿಸಿ ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಗಮನವನ್ನು ಇಟ್ಟು, ಅಲ್ಲಿ ಬಿಸಿಯೋ ತಂಪೋ ಬಿಗಿತವೋ ಜೋಮೋ ಏನಿದೆಯೋ ಅದನ್ನು ಬದಲಾಯಿಸಲು ಹೋಗದೆ ತಿಳಿದುಕೊಳ್ಳುವುದು. ಅವರ ಪಾಠದಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊಟ್ಟಿಗೆ, ಅಡುಗೆಮನೆ, ತೋಟ ಮೂರನ್ನೂ ನೋಡಿಕೊಳ್ಳುವ ಹೆಂಗಸಿಗೆ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು? ಹತ್ತು ನಿಮಿಷದಿಂದ ಆರಂಭಿಸಲು ಯಾವ ಅಡ್ಡಿಯೂ ಇಲ್ಲ.

ಮಾಡುವ ಕ್ರಮ ಸರಳವಾಗಿದೆ. ಚಾಪೆಯ ಮೇಲೆ ಮಲಗಿ, ಇಲ್ಲವೇ ಜಗಲಿಯಲ್ಲಿ ಬೆನ್ನಿಗೆ ಆಸರೆ ಇರುವಂತೆ ಕುಳಿತು, ಅಂಗಾಲು ನೆಲಕ್ಕೆ ತಾಗಿರುವುದನ್ನು ಮೊದಲು ಗಮನಿಸಬೇಕು. ಅಲ್ಲಿಂದ ಮೀನಖಂಡ, ಮೊಣಕಾಲು, ಸೊಂಟ, ಹೊಟ್ಟೆ, ಎದೆ, ಹೆಗಲು, ದವಡೆ, ಹಣೆ ಹೀಗೆ ಮೇಲಕ್ಕೆ ಬರಬೇಕು. ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಉಸಿರು ಒಳಗೆ ಬರುವಾಗ ಅದು ಉಬ್ಬುವುದನ್ನೂ ಹೊರಗೆ ಹೋಗುವಾಗ ತಗ್ಗುವುದನ್ನೂ ನೋಡಬೇಕು. ಹೊರಗೆ ಬಿಡುವ ಉಸಿರು ತುಸು ಉದ್ದವಾದರೆ ಒಳ್ಳೆಯದು, ಏಕೆಂದರೆ ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಮನಸ್ಸು ನಡುವೆ ಎಲ್ಲೆಲ್ಲೋ ಹೋಗುತ್ತದೆ. ಹೋಗಬಾರದೆಂದು ಹಟ ಹಿಡಿಯುವವರು ಎರಡೇ ದಿನಕ್ಕೆ ಬೇಸತ್ತು ‘ಇದು ನಮಗಲ್ಲ’ ಎಂದು ಬಿಡುತ್ತಾರೆ. ಬೇಲಿ ಹಾರಿದ ದನವನ್ನು ಹೊಡೆಯದೆ ಬೈಯದೆ ಹಟ್ಟಿಗೆ ಅಟ್ಟಿಕೊಂಡು ಬರುವ ಹಾಗೆ, ಹೋದದ್ದು ತಿಳಿದೊಡನೆ ಅದನ್ನು ಮತ್ತೆ ದೇಹಕ್ಕೆ ಕರೆತರುವುದು, ಅಷ್ಟೇ ಅಭ್ಯಾಸ. ಬಸ್ಸಿನಲ್ಲಿ ನಿಂತು ಹೋಗುವವರು ಅಂಗಾಲು ಮತ್ತು ಕಂಬಿ ಹಿಡಿದ ಕೈಯನ್ನು ಗಮನಿಸಬಹುದು. ರೋಗಿಯನ್ನು ಎತ್ತುವ ತಾಯಿ ಎತ್ತುವ ಮೊದಲು ಎರಡು ಪಾದವನ್ನೂ ಊರಿ ಒಂದು ಉಸಿರು ಪೂರ್ತಿಯಾಗಿ ಬಿಡಬಹುದು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಈ ಪಾಠ ಬಾಯಿಮಾತಿನಲ್ಲೇ ನಡೆಯಬೇಕಾದದ್ದು. ಕಣ್ಣು ಮುಚ್ಚಿ ಮಲಗಿದವರಿಗೆ ಒಂದು ಧ್ವನಿ ದಾರಿ ತೋರುತ್ತಿರುತ್ತದೆ. ಆ ಧ್ವನಿ ಹೇಳಿದ್ದನ್ನು ಮನಸ್ಸಿನಲ್ಲೇ ಇನ್ನೊಂದು ಭಾಷೆಗೆ ತಿರುಗಿಸಿಕೊಳ್ಳಬೇಕಾದರೆ ಗಮನ ದೇಹವನ್ನು ಬಿಟ್ಟು ಮಾತಿನ ಬೆನ್ನು ಹತ್ತುತ್ತದೆ, ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ. ನಮ್ಮ ಗಡಿನಾಡಿನಲ್ಲಿ ಶಿಬಿರ ನಡೆಸಲು ಬರುವವರು ಮಲಯಾಳದಲ್ಲಿ ಮಾತಾಡುತ್ತಾರೆ, ಮೊಬೈಲಿನ ಆ್ಯಪ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಮಾತಾಡುತ್ತವೆ. ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲಯಾಳ ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಆದರೆ ಎದೆಯೊಳಗಿನ ಬಿಗಿತವನ್ನು ಹೇಳಿಕೊಳ್ಳಲು ಕನ್ನಡವೋ ತುಳುವೋ ಬೇಕು, ವಯಸ್ಸಾದ ಹೆಂಗಸರಿಗಂತೂ ಬೇರೆ ದಾರಿಯೇ ಇಲ್ಲ. ಇದನ್ನು ಭಾಷಾಭಿಮಾನದ ಮಾತೆಂದು ಬದಿಗೆ ಸರಿಸುವ ಅಧಿಕಾರಿಗಳಿಗೆ ಹೇಳಬೇಕಾದದ್ದಿಷ್ಟೆ: ರೋಗಿಗೆ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ಬಗ್ಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪಡೆಯುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ.

ಈ ಅಭ್ಯಾಸದಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದು 2014ರಲ್ಲಿ ಪ್ರಕಟಿಸಿದ, 47 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನದಲ್ಲಿ ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಸಾಧಾರಣ ಮಟ್ಟದ ಉಪಶಮನ ಕಂಡುಬಂತು. ಆದರೆ ವ್ಯಾಯಾಮಕ್ಕಿಂತಲೋ ಔಷಧಿಗಿಂತಲೋ ಇದು ಮೇಲು ಎಂಬುದಕ್ಕೆ ಆಧಾರ ಸಿಗಲಿಲ್ಲ. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆತಂಕದ ಕಾಯಿಲೆಯಿರುವ 276 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಂಟು ವಾರಗಳ ಈ ತರಬೇತಿಯನ್ನೂ ಉಳಿದವರಿಗೆ ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆಯನ್ನೂ ಕೊಟ್ಟಾಗ ಎರಡರ ಫಲವೂ ಹತ್ತಿರಹತ್ತಿರ ಒಂದೇ ಆಗಿತ್ತು. ಇದನ್ನು ಓದಿ ಯಾರೂ ತಾವು ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಎದೆನೋವು ಬಂದವರು ಮೊದಲು ಇ.ಸಿ.ಜಿ. ಮಾಡಿಸಬೇಕು, ಆಮೇಲೆ ಧ್ಯಾನದ ಮಾತು. ಹಿಂದೆ ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿ ಒಳಗೆ ನೋಡುವುದೇ ಕಳವಳ ಹೆಚ್ಚಿಸುವ ಸಂದರ್ಭಗಳೂ ಇವೆ. ಅಂಥವರು ಕಣ್ಣು ತೆರೆದುಕೊಂಡು, ಅಂಗಾಲನ್ನೋ ಹೊರಗಿನ ಸದ್ದನ್ನೋ ಗಮನಿಸಬೇಕು, ಆಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಕಲಿಸುವವರಿಗೆ ಇದು ಗೊತ್ತಿರಲೇಬೇಕು. ಒಂದು ವಾರಾಂತ್ಯದ ಸರ್ಟಿಫಿಕೇಟ್ ಹಿಡಿದುಕೊಂಡು ‘ಎಲ್ಲ ಕಾಯಿಲೆಗೂ ಧ್ಯಾನ’ ಎಂದು ಹಣ ವಸೂಲು ಮಾಡುವವರ ಬಗ್ಗೆ ನನಗೆ ಗೌರವವಿಲ್ಲ.

ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಫೋಟೋ ತೆಗೆಸಿಕೊಳ್ಳುವುದರಿಂದಲೂ ಈ ಕೆಲಸ ಆಗುವುದಿಲ್ಲ. ಶಾಲೆಗಳಲ್ಲಿ ಒಂದು ಪೀರಿಯಡ್ ಇಟ್ಟುಬಿಡೋಣ ಎಂಬ ಸಲಹೆಯೂ ಆಗಾಗ ಕೇಳಿಬರುತ್ತದೆ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಗೆ ತರಗತಿಯನ್ನೇ ಕೂರಿಸಿ ಕಲಿಸಿದ ಮೈಂಡ್‌ಫುಲ್‌ನೆಸ್ ಪಾಠದಿಂದ ಎಂದಿನ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅದನ್ನು ಮಾಡಲೇ ಇಲ್ಲ. ಹಾಗಾಗಿ ಬೇಕೆಂದು ಬರುವ ದೊಡ್ಡವರಿಂದ ಆರಂಭಿಸುವುದು ಲೇಸು.

ಅದಕ್ಕೆ ಹೊಸ ಕಟ್ಟಡವೋ ಹೊಸ ಇಲಾಖೆಯೋ ಬೇಕಾಗಿಲ್ಲ. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ‘ಆಶ್ವಾಸಂ’ ಕ್ಲಿನಿಕ್ ಎಂಬ ಏರ್ಪಾಡು ಈಗಾಗಲೇ ಇದೆ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿದ್ದಾರೆ. ನೆರೆಹೊರೆಯ ಹೆಂಗಸರು ನಿಯಮಿತವಾಗಿ ಕುಳಿತು ಮಾತಾಡುವ ಕುಟುಂಬಶ್ರೀ ಅಯಲ್‌ಕೂಟಗಳಿವೆ. ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರಿಗೆ ಮತ್ತು ನರ್ಸುಗಳಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಸರಿಯಾದ ತರಬೇತಿ ಕೊಡಲಿ. ಯಾರಿಗೆ ಈ ಅಭ್ಯಾಸ ಸಾಲದು, ಯಾರನ್ನು ವೈದ್ಯರಲ್ಲಿಗೆ ಕಳಿಸಬೇಕು ಎಂಬುದೇ ಆ ತರಬೇತಿಯ ಮುಖ್ಯ ಭಾಗವಾಗಲಿ. ಹತ್ತು ನಿಮಿಷದ ಮಾರ್ಗದರ್ಶನವನ್ನು ಈ ಕಡೆಯ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಮತ್ತು ತುಳುವಿನಲ್ಲಿ ಧ್ವನಿಮುದ್ರಿಸಿ ವಾಟ್ಸಾಪಿನಲ್ಲಿ ಹಂಚುವುದಕ್ಕೆ ಖರ್ಚೂ ಹೆಚ್ಚಾಗದು. ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ ಭೇಟಿ ಕೊಡುವ ಸಿಬ್ಬಂದಿ ರೋಗಿಯನ್ನು ನೋಡಿ ಎದ್ದು ಹೋಗದೆ, ನೋಡಿಕೊಳ್ಳುವವರ ನಿದ್ದೆ ಮತ್ತು ಬೆನ್ನುನೋವಿನ ಬಗ್ಗೆಯೂ ಎರಡು ಮಾತು ಕೇಳಿ ಬರೆದುಕೊಳ್ಳುವಂತಾಗಬೇಕು.

ಬದುಕೇ ಬೇಡವೆನ್ನಿಸುವಷ್ಟು ಬೇಸರ ಬಂದವರು ಉಸಿರು ಗಮನಿಸುತ್ತ ಕೂರುವುದಲ್ಲ, ಕೂಡಲೇ ಯಾರೊಂದಿಗಾದರೂ ಮಾತಾಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕೇರಳದ ದಿಶಾ ಸಂಖ್ಯೆ 1056. ಎರಡೂ ಉಚಿತ, ಹಗಲು ರಾತ್ರಿ ತೆರೆದಿರುತ್ತವೆ. ಈ ಸಂಖ್ಯೆಗಳನ್ನು ಬರೆದ ಫಲಕ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಕನ್ನಡದಲ್ಲೂ ಇರಬೇಕು, ಕಾಸರಗೋಡಿನಿಂದ ಬರುವ ಕರೆಗೆ ಕನ್ನಡದಲ್ಲಿ ಉತ್ತರಿಸುವವರೂ ಇರಬೇಕು. ನಮ್ಮ ಪಂಚಾಯತುಗಳ ವಾರ್ಷಿಕ ಯೋಜನೆಗೆ ಬೇಡಿಕೆಗಳು ಹೋಗುವುದು ವಾರ್ಡಿನ ಗ್ರಾಮಸಭೆಯಿಂದ. ಅಲ್ಲಿ ರಸ್ತೆ ಮತ್ತು ದಾರಿದೀಪದ ಮಾತು ಮುಗಿದು ಜನ ಏಳುವ ಮೊದಲು, ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಟ್ಟು ನಡಾವಳಿಯಲ್ಲಿ ದಾಖಲಿಸುವಂತೆ ಓದುಗರನ್ನು ಕೋರುತ್ತೇನೆ.

ಇತಿ,
ನಿವೃತ್ತ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ